ಕ್ರಯವಿಕ್ರಯದಲ್ಲಿ ಮೌನ ಮತ್ತು ಸತ್ಯಾಣುವ್ರತ

ಪರಿಗ್ರಹವನ್ನೇ ತೊರೆದ ಮುನಿಗಳಿಗೆ ಕೊಳ್ಳುವ, ಮಾರುವ ಪ್ರಸಂಗ ಒದಗುವುದಿಲ್ಲ. ಶ್ರಾವಕನಾದರೋ ಬೆಳಗಿನಿಂದ ಸಂಜೆಯವರೆಗೆ ಕೊಳ್ಳುತ್ತಾನೆ, ಮಾರುತ್ತಾನೆ, ಬೆಲೆ ಹೇಳುತ್ತಾನೆ, ಬೆಲೆ ಕೇಳುತ್ತಾನೆ. ಸತ್ಯಾಣುವ್ರತದ ಪರೀಕ್ಷೆ ಅವನಿಗೆ ದಿನನಿತ್ಯವೂ ನಡೆಯುವುದು ಅಂಗಡಿಯ ಗಾದಿಯ ಮೇಲೆ. ಸುಳ್ಳು ಹೇಳಬಾರದೆಂಬುದು ಚಿಕ್ಕ ಮಕ್ಕಳಿಗೂ ತಿಳಿದ ಮಾತು. ಆದರೆ ವ್ಯಾಪಾರದಲ್ಲಿ ಬಾಯಿಬಿಟ್ಟು ಹೇಳುವ ಸುಳ್ಳಿಗಿಂತ ಬಾಯಿಮುಚ್ಚಿ ಉಳಿಸಿಕೊಳ್ಳುವ ವಿಷಯಗಳೇ ಹೆಚ್ಚು. ತಿಳಿದಿದ್ದನ್ನು ಹೇಳದೆ ಸುಮ್ಮನಿದ್ದರೆ ವ್ರತಕ್ಕೆ ದೋಷ ತಟ್ಟುವುದೇ? ತಟ್ಟುವುದಾದರೆ ಯಾವಾಗ? ವ್ಯಾಪಾರಸ್ಥರಾದ ನಾವು ಈ ಪ್ರಶ್ನೆಯನ್ನು ಒಮ್ಮೆಯಾದರೂ ನಿರ್ದಾಕ್ಷಿಣ್ಯವಾಗಿ ಕೇಳಿಕೊಳ್ಳಬೇಕು.

ಬಿ.ಕಾಂ. ತರಗತಿಯಲ್ಲಿ ವಾಣಿಜ್ಯ ಕಾನೂನು ಓದಿದವರಿಗೆ 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ನೆನಪಿರಬಹುದು. ಕೇವಲ ಮೌನವು ವಂಚನೆಯಲ್ಲವೆಂದು ಆ ಕಲಮಿನ ವಿವರಣೆ ಹೇಳುತ್ತದೆ. ಅದಕ್ಕೆ ಕೊಟ್ಟಿರುವ ಮೊದಲ ದೃಷ್ಟಾಂತ ಒಂದು ಕುದುರೆಯದು. ಕುದುರೆಗೆ ದೋಷವಿದೆಯೆಂದು ಬಲ್ಲ ಒಡೆಯನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷದ ವಿಷಯ ಎತ್ತುವುದಿಲ್ಲ, ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ ಹೇಳುವ ಹೊಣೆ ಅವನ ಮೇಲಿದೆ. ಕೊಳ್ಳುವವನು, ‘ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ’ ಎಂದಾಗ ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮ. ಕೊನೆಯ ದೃಷ್ಟಾಂತದಲ್ಲಿ ಇಬ್ಬರು ವರ್ತಕರಿದ್ದಾರೆ. ಧಾರಣೆ ಬದಲಾದ ಸುದ್ದಿ ಒಬ್ಬನಿಗೆ ಮೊದಲೇ ತಿಳಿದಿದೆ. ಅದನ್ನು ಇನ್ನೊಬ್ಬನಿಗೆ ತಿಳಿಸಬೇಕಾದ ಕಟ್ಟುಪಾಡಿಲ್ಲ. ಒಂದೂವರೆ ಶತಮಾನದಿಂದ ನಮ್ಮ ಪೇಟೆಗಳು ಈ ನಾಲ್ಕು ದೃಷ್ಟಾಂತಗಳ ನೆರಳಿನಲ್ಲಿಯೇ ನಡೆದುಬಂದಿವೆ.

ಕುದುರೆಯ ಸ್ಥಾನಕ್ಕೆ ಈಗ ಲಾರಿ ಬಂದಿದೆ. 2023ರ ಡಿಸೆಂಬರ್ ತಿಂಗಳಲ್ಲಿ ಹಳೆಯ ಲಾರಿಯೊಂದನ್ನು ಕೊಳ್ಳುವುದಕ್ಕಾಗಿ ಹುಬ್ಬಳ್ಳಿಯಿಂದ ತಮಿಳುನಾಡಿನ ನಾಮಕ್ಕಲ್‌ವರೆಗೆ ಸ್ನೇಹಿತರೊಬ್ಬರ ಜೊತೆ ಪ್ರಯಾಣ ಮಾಡುವ ಪ್ರಸಂಗ ನನಗೆ ಒದಗಿತು. ಈ ಸ್ನೇಹಿತರು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ಅಡತಿ ನಡೆಸುವವರು; ನನಗೂ ಅವರಿಗೂ ನಲವತ್ತು ವರ್ಷಗಳ ಒಡನಾಟ. ಸುಗ್ಗಿಯ ಕಾಲದಲ್ಲಿ ಬಾಡಿಗೆಯ ಲಾರಿಗಾಗಿ ಕಾದು ಬೇಸತ್ತು, ಸ್ವಂತದ್ದೊಂದು ಹತ್ತು ಗಾಲಿಯ ಲಾರಿ ಬೇಕೆಂದು ನಿಶ್ಚಯಿಸಿದ್ದರು. ನಾಮಕ್ಕಲ್ ಮತ್ತು ಅದರ ಸಮೀಪದ ಸಂಗಗಿರಿ ಲಾರಿ ಉದ್ಯಮಕ್ಕೆ ಹೆಸರಾದ ಊರುಗಳು. ಲಾರಿಗೆ ಬಾಡಿ ಕಟ್ಟುವ ಕಾರ್ಯಾಗಾರಗಳು, ಹಳೆಯ ಗಾಡಿಗಳ ದಲ್ಲಾಳಿಗಳು, ಬಿಡಿಭಾಗದ ಅಂಗಡಿಗಳು ಅಲ್ಲಿ ಸಾಲುಗಟ್ಟಿವೆ. ದಕ್ಷಿಣದಲ್ಲಿ ಹಳೆಯ ಲಾರಿ ಕೊಳ್ಳುವವರು ಒಮ್ಮೆಯಾದರೂ ಅತ್ತ ಹೋಗಿ ನೋಡುವುದು ವಾಡಿಕೆ.

ದಾರಿ ಸುಮಾರು 650 ಕಿಲೋಮೀಟರು. 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಾವೇರಿ, ದಾವಣಗೆರೆ, ಚಿತ್ರದುರ್ಗಗಳನ್ನು ದಾಟಿ, ತುಮಕೂರಿನ ಬಳಿ ಪಂಡಿತನಹಳ್ಳಿಯ ಮಂದರಗಿರಿಯಲ್ಲಿ ದರ್ಶನ ಮಾಡಿ, ಸೂರ್ಯಾಸ್ತಕ್ಕೆ ಮುನ್ನ ಬುತ್ತಿಯ ಊಟ ಮುಗಿಸಿ ಹೊಸೂರಿನಲ್ಲಿ ಇಳಿದುಕೊಂಡೆವು. ಸ್ನೇಹಿತರಿಗೆ ಪರಿಚಯದ, ಕನ್ನಡವನ್ನೂ ತಮಿಳನ್ನೂ ಬಲ್ಲ ಮಿಸ್ತ್ರಿಯೊಬ್ಬರು ಅಲ್ಲಿ ನಮ್ಮನ್ನು ಕೂಡಿಕೊಂಡರು. ಮರುದಿನ 44ನೆಯ ಹೆದ್ದಾರಿಯಲ್ಲಿ ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು ತೊಪ್ಪೂರು ಘಾಟಿಗೆ ಬಂದೆವು. ಧರ್ಮಪುರಿಯ ಕಡೆಯಿಂದ ಸೇಲಂ ಕಡೆಗೆ ಇಳಿಜಾರಾಗಿರುವ ಈ ಘಾಟಿ ಲಾರಿ ಅಪಘಾತಗಳಿಗೆ ಕುಖ್ಯಾತವಾದುದು. ಡೀಸೆಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಗಾಡಿಯನ್ನು ಇಳಿಬಿಡುವ ಚಾಲಕರು, ಕಾದು ಹಿಡಿತ ಕಳೆದುಕೊಂಡ ಬ್ರೇಕುಗಳು, ಅಳತೆ ಮೀರಿದ ಹೊರೆ ಎಲ್ಲವೂ ಅಲ್ಲಿ ಒಟ್ಟುಗೂಡುತ್ತವೆ. ಆ ಇಳಿಜಾರನ್ನು ಕಂಡವರಿಗೆ ಲಾರಿಯ ಗುಣದೋಷವೆಂಬುದು ಹಣದ ಪ್ರಶ್ನೆಯಷ್ಟೇ ಆಗಿ ಉಳಿಯಲಾರದು. ಮಾರುವವನು ನುಂಗಿಕೊಂಡ ಒಂದು ಮಾತಿನ ಬೆಲೆಯನ್ನು ಮುಂದೊಂದು ದಿನ ಎದುರಿನಿಂದ ಬರುವ ಅಪರಿಚಿತನು ತೆರಬೇಕಾಗಬಹುದು.

ಮೊದಲು ನೋಡಿದ್ದು ದಲ್ಲಾಳಿಯೊಬ್ಬರ ಬಯಲಿನಲ್ಲಿ ನಿಂತಿದ್ದ ಲಾರಿ. ಹೊಸ ಬಣ್ಣ, ಹೊಸ ತಾಡಪತ್ರಿ, ಕನ್ನಡಿಯಂತೆ ಹೊಳೆಯುವ ಮುಂಭಾಗ. ಆರ್.ಸಿ., ಎಫ್.ಸಿ., ಪರ್ಮಿಟ್, ವಿಮೆ ಎಲ್ಲವೂ ಸರಿಯಾಗಿದ್ದವು. ಅಪಘಾತವೇನಾದರೂ ಆಗಿತ್ತೇ ಎಂದು ಕೇಳಿದಾಗ ದಲ್ಲಾಳಿಯವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ‘ಗಾಡಿ ನಿಮ್ಮ ಕಣ್ಣೆದುರಿಗೇ ಇದೆ, ನೋಡಿಕೊಳ್ಳಿ’ ಎಂದರು. ಮಿಸ್ತ್ರಿಯವರು ಬ್ಯಾಟರಿ ದೀಪ ಹಿಡಿದು ಗಾಡಿಯ ಅಡಿಗೆ ನುಸುಳಿದರು. ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳು ಕೂಡುವೆಡೆಯಲ್ಲಿ ಚಾಸಿಯ ಉದ್ದ ತೊಲೆ ಹಿಂದೆ ಬಿರುಕು ಬಿಟ್ಟಿತ್ತು. ಅದನ್ನು ವೆಲ್ಡಿಂಗ್ ಮಾಡಿ, ಗೀರಿ ಸಮಮಾಡಿ, ಮೇಲೆ ದಪ್ಪನಾಗಿ ಬಣ್ಣ ಬಳಿದಿದ್ದರು. ನಾವು ಕೈಮುಗಿದು ಹೊರಟೆವು.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪ್ರತಿರೂಪಕವ್ಯವಹಾರವನ್ನು ಹೇಳಿದ್ದಾರೆ. ಕೃತಕವಾದುದನ್ನು ನೈಜವೆಂದು ದಾಟಿಸುವುದು ಇದರ ಅರ್ಥ. ಬಿರುಕಿನ ಮೇಲೆ ಬಳಿದ ಬಣ್ಣವು ಬಾಯಿಲ್ಲದೆಯೇ ‘ಇಲ್ಲಿ ಬಿರುಕಿಲ್ಲ’ ಎಂದು ಹೇಳುತ್ತದೆ. ದೋಷವನ್ನು ತೋರಿಸದಿರುವುದು ಒಂದು, ದೋಷವು ಕಾಣದಂತೆ ಮಾಡುವುದು ಇನ್ನೊಂದು. ಎರಡನೆಯದು ಮೌನದ ಗಡಿಯನ್ನು ದಾಟಿ ಕೃತಿಯೇ ಆಗಿಬಿಡುತ್ತದೆ. ಇದು ದೋಷವೆಂಬುದರಲ್ಲಿ ಕಾನೂನಿಗೂ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲವಾದುದರಿಂದ ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ.

ಚರ್ಚೆಗೆ ತಕ್ಕುದು ಆಮೇಲೆ ನಡೆದ ಸಂಗತಿ. ನಾವು ಬಯಲಿನಿಂದ ಹೊರಬರುವಷ್ಟರಲ್ಲಿ ಒಬ್ಬ ತರುಣ ಚಾಲಕನು ಮುಂಗಡದ ಹಣದೊಡನೆ ಅದೇ ಲಾರಿಯನ್ನು ನೋಡಲು ಬಂದನು. ‘ನಮಗೇಕೆ ಊರ ಉಸಾಬರಿ?’ ಎಂದರು ಮಿಸ್ತ್ರಿಯವರು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪರರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚಾಡಿಯನ್ನೂ ಅದರೊಡನೆ ಸೇರಿಸಿದ್ದಾರೆ. ದಲ್ಲಾಳಿಯ ಸರಕಿನ ಹುಳುಕನ್ನು ಇನ್ನೊಬ್ಬ ಗಿರಾಕಿಯ ಕಿವಿಯಲ್ಲಿ ಊದುವುದು ಚಾಡಿಯಾಗದೆ?

ಆದರೆ ಅದೇ ಆಚಾರ್ಯರು ಪರರಿಗೆ ವಿಪತ್ತು ತರುವ ಸತ್ಯವನ್ನೂ ಶ್ರಾವಕನು ನುಡಿಯಬಾರದೆಂದು ವಿಧಿಸಿದ್ದಾರೆ. ಇದರ ತಾತ್ಪರ್ಯವನ್ನು ಗಮನಿಸಬೇಕು. ನುಡಿಯಬೇಕೋ ಬಾರದೋ ಎಂಬುದಕ್ಕೆ ಪ್ರಾಣಿಹಿತವೇ ಅಳತೆಗೋಲು. ಮಾತು ವಿಪತ್ತನ್ನು ತರುವಲ್ಲಿ ಮೌನ ವ್ರತವಾದರೆ, ಮೌನವೇ ವಿಪತ್ತನ್ನು ತರುವಲ್ಲಿ ಮಾತು ವ್ರತವಾಗಬೇಕು. ಒಬ್ಬನ ಮನೆಯ ಕಷ್ಟ, ಅವನ ಸಾಲ, ಅವನ ರೋಗ ಇವು ಗುಟ್ಟುಗಳು. ತೊಪ್ಪೂರಿನ ಇಳಿಜಾರಿನಲ್ಲಿ ಎರಡು ತುಂಡಾಗಬಹುದಾದ ಚಾಸಿ ಯಾರ ಗುಟ್ಟೂ ಅಲ್ಲ. ನನ್ನ ಸ್ನೇಹಿತರು ಆ ತರುಣನಿಗೆ, ದಲ್ಲಾಳಿಗೂ ಕೇಳಿಸುವಂತೆಯೇ, ‘ತಮ್ಮಾ, ಹಣ ಕೊಡುವ ಮೊದಲು ಹಿಂಬದಿಯ ಸ್ಪ್ರಿಂಗಿನ ಹತ್ತಿರ ಚಾಸಿಯನ್ನು ದೀಪ ಹಿಡಿದು ನೋಡಿಸು’ ಎಂದಷ್ಟೇ ಹೇಳಿದರು. ಮಿಸ್ತ್ರಿಯವರು ಅದನ್ನು ತಮಿಳಿನಲ್ಲಿ ಹೇಳಿದರು. ದಲ್ಲಾಳಿಯ ಹೆಸರೆತ್ತಿ ದೂಷಿಸಲಿಲ್ಲ, ಕೊಳ್ಳಬೇಡವೆಂದೂ ಹೇಳಲಿಲ್ಲ. ಬೆನ್ನ ಹಿಂದೆ ಆಡದ ಮಾತು ಚಾಡಿಯಾಗದು. ಎಲ್ಲಿ ನೋಡಬೇಕೆಂದು ತೋರಿಸುವುದು ದೂಷಣೆಯೂ ಆಗದು.

ಎರಡನೆಯ ಲಾರಿಯಲ್ಲಿ ಪ್ರಶ್ನೆ ತಿರುಗುಮುರುಗಾಯಿತು. ತಿಳಿದವರು ಈ ಸಲ ಕೊಳ್ಳುವವರು, ತಿಳಿಯದವರು ಮಾರುವವರು. 2016ರಲ್ಲಿ ನೋಂದಣಿಯಾದ ಆ ಲಾರಿಯ ಒಡೆಯನು ತಾನೇ ಚಾಲಕನೂ ಆಗಿದ್ದು, ಕೆಲವು ತಿಂಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡಿದ್ದನು. ಪತ್ನಿಗೆ ಲಾರಿಯ ವಿಚಾರ ತಿಳಿಯದು. ಆಕೆಯ ಅಣ್ಣನು ದಲ್ಲಾಳಿಯ ಮೂಲಕ ವ್ಯವಹಾರ ನಡೆಸುತ್ತಿದ್ದನು. ಎಂಜಿನ್ ಕೆಲಸಕ್ಕೆ ಬಂದಿರಬಹುದೆಂದು ದಲ್ಲಾಳಿಯೇ ಅವರಿಗೆ ತಿಳಿಹೇಳಿ, ಎಂಟೂವರೆ ಲಕ್ಷ ರೂಪಾಯಿ ಬೆಲೆ ಕಟ್ಟಿಸಿದ್ದನು. ಮಿಸ್ತ್ರಿಯವರು ಎಂಜಿನ್ ಚಾಲೂ ಮಾಡಿ, ಎಣ್ಣೆ ಹಾಕುವ ಮುಚ್ಚಳ ತೆಗೆದು ಹೊಗೆ ಬರುವುದೋ ಎಂದು ನೋಡಿ, ಸದ್ದಿಗೆ ಕಿವಿಗೊಟ್ಟು, ಎಂಜಿನ್ ಸೊಗಸಾಗಿದೆಯೆಂದು ಕನ್ನಡದಲ್ಲಿ ಮೆಲ್ಲಗೆ ತಿಳಿಸಿದರು. ಆಮೇಲೆ ಕ್ಯಾಬಿನ್ನಿನ ಡಬ್ಬಿಯಲ್ಲಿ ವಿಮೆಯ ಕಾಗದ ಹುಡುಕುವಾಗ ಒಂದು ಬಿಲ್ಲು ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದೆ, ಎರಡು ಲಕ್ಷಕ್ಕೂ ಮಿಕ್ಕಿ ಖರ್ಚುಮಾಡಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿದ ಬಿಲ್ಲು ಅದು. ಮನೆಯವರಿಗಾಗಲಿ ದಲ್ಲಾಳಿಗಾಗಲಿ ಇದರ ಸುಳಿವಿರಲಿಲ್ಲ. ಕಾಗದಪತ್ರಗಳನ್ನು ಇನ್ನೊಮ್ಮೆ ಪರಿಶೀಲಿಸಿ ಮರುದಿನ ಮಾತು ಮುಗಿಸೋಣವೆಂದು ಹೇಳಿ ವಸತಿಗೃಹಕ್ಕೆ ಮರಳಿದೆವು.

ಆ ರಾತ್ರಿ ನಮ್ಮಿಬ್ಬರ ನಡುವೆ ನಡೆದ ವಿಚಾರವೇ ಈ ಲೇಖನಕ್ಕೆ ಮೂಲ. ಸ್ನೇಹಿತರು ತಮ್ಮ ಪಕ್ಷವನ್ನು ಸ್ಪಷ್ಟವಾಗಿಯೇ ಮಂಡಿಸಿದರು. ‘ಬೆಲೆ ಹೇಳಿದವರು ಅವರು, ನಾನು ಒಂದು ಸುಳ್ಳನ್ನೂ ಆಡಿಲ್ಲ. ಎಂಜಿನ್ ಚೆನ್ನಾಗಿದೆಯೆಂದು ಮಿಸ್ತ್ರಿಯ ಕಿವಿಗೆ ಮೊದಲೇ ತಿಳಿದಿತ್ತು, ಬಿಲ್ಲು ಅದನ್ನು ದೃಢಪಡಿಸಿತಷ್ಟೇ. ಮಿಸ್ತ್ರಿಗೆ ಸಂಬಳ ಕೊಟ್ಟು ಕರೆತಂದದ್ದು ಇದಕ್ಕಾಗಿಯೇ ಅಲ್ಲವೇ? ಗಾಡಿಯಲ್ಲಿ ದೋಷವಿದ್ದಿದ್ದರೆ ನಷ್ಟ ನನ್ನದಾಗುತ್ತಿತ್ತು. ಗುಣವಿದ್ದರೆ ಲಾಭ ನನ್ನದೇಕೆ ಆಗಬಾರದು?’ ಇದು ಹುರುಳಿಲ್ಲದ ವಾದವಲ್ಲ. ಶಾಸ್ತ್ರದ ನಿರ್ವಚನವೂ ಮೇಲ್ನೋಟಕ್ಕೆ ಅವರ ಪರವಾಗಿಯೇ ಕಾಣುತ್ತದೆ. ಅಸತ್ತಾದುದನ್ನು ಪ್ರಮಾದಯುಕ್ತವಾಗಿ ನುಡಿಯುವುದೇ ಅನೃತ. ನುಡಿಯೇ ಇಲ್ಲದಿರುವಾಗ ಅನೃತವೆಲ್ಲಿಯದು?

ಇದಕ್ಕೆ ಉತ್ತರವು ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ಇದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಐದರಲ್ಲಿ ನಾಲ್ಕನೆಯದನ್ನು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ವಿವರಿಸಿರುವ ಬಗೆ ಮನನೀಯ. ಒಬ್ಬನು ಒಡವೆ ಹಣಗಳನ್ನು ಒತ್ತೆಯಿಟ್ಟು ಹೋಗಿರುತ್ತಾನೆ. ಮರಳಿ ಕೇಳುವಾಗ ಅವನಿಗೆ ಲೆಕ್ಕ ಮರೆತಿದೆ. ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಒಪ್ಪಿಬಿಡುತ್ತಾನೆ. ನ್ಯಾಸಾಪಹಾರವೆಂದರೆ ಇದು. ಇಟ್ಟುಕೊಂಡವನು ತಾನಾಗಿ ಯಾವ ತಪ್ಪು ಸಂಖ್ಯೆಯನ್ನೂ ಉಚ್ಚರಿಸಿಲ್ಲ, ತಪ್ಪಿದವನು ಕೇಳಿದವನೇ. ಪರರ ಸ್ವತ್ತು ಉಳಿದದ್ದರಿಂದ ಇದನ್ನು ಕಳವಿನ ಪಟ್ಟಿಗೆ ಸೇರಿಸಬಹುದಾಗಿತ್ತು. ಆದರೂ ಆಚಾರ್ಯರು ಇದನ್ನು ಸತ್ಯದ ಅತಿಚಾರವಾಗಿ ಎಣಿಸಿದರು. ಮರೆವಿನಿಂದ ಹುಟ್ಟಿದ ತಪ್ಪು ಲೆಕ್ಕಕ್ಕೆ ಒಪ್ಪಿಗೆ ಕೊಟ್ಟವನು ಆ ಲೆಕ್ಕವನ್ನು ತನ್ನ ನುಡಿಯನ್ನಾಗಿ ಮಾಡಿಕೊಂಡನೆಂಬುದೇ ಇದರ ಅಭಿಪ್ರಾಯವೆಂದು ನನಗೆ ತೋರುತ್ತದೆ. ಎಂಟೂವರೆ ಲಕ್ಷವೆಂದು ಆ ಮನೆಯವರು ಹೇಳಿದಾಗ ‘ಆಗಲಿ’ ಎನ್ನುವುದಕ್ಕೂ ಇದಕ್ಕೂ ಎಷ್ಟು ದೂರ?

ಲಾರಿಯೇನೂ ನಮ್ಮಲ್ಲಿ ಇಟ್ಟ ಒತ್ತೆಯಲ್ಲವೆಂದು ಆಕ್ಷೇಪಿಸಬಹುದು. ನಿಜ. ಆದರೆ ಆ ಬಿಲ್ಲು ಯಾರದು? ಇಲ್ಲಿಯೇ ಒಂದು ಭೇದವನ್ನು ಮಾಡಬೇಕಾಗಿದೆ. ಮಿಸ್ತ್ರಿಯ ಕಿವಿಯು ಮೂವತ್ತು ವರ್ಷಗಳ ದುಡಿಮೆಯಿಂದ ಪಳಗಿದ್ದು. ಅದು ಕೇಳಿಸಿಕೊಂಡದ್ದು ಅವನ ಗಳಿಕೆ, ಅದಕ್ಕೆ ಕೂಲಿ ಕೊಟ್ಟವರು ಅದರ ಲಾಭ ಪಡೆಯುವುದರಲ್ಲಿ ದೋಷವಿಲ್ಲ. ಮಾರುವವರೂ ತಮ್ಮದೊಬ್ಬ ಮಿಸ್ತ್ರಿಯನ್ನು ಕರೆಸಬಹುದಾಗಿತ್ತು. ಆದರೆ ಬಿಲ್ಲು ಅವರ ಡಬ್ಬಿಯಲ್ಲಿ ಅವರೇ ಮರೆತ ಅವರ ಕಾಗದ. ಇಟ್ಟುದು, ಬಿದ್ದುದು, ಮರೆತುದು, ಕೊಡದೆ ಇದ್ದುದು ಆದ ಪರಸ್ವವನ್ನು ತೆಗೆದುಕೊಳ್ಳಬಾರದೆಂಬ ವಿಧಿಯಲ್ಲಿ ‘ಮರೆತುದು’ ಎಂಬ ಮಾತು ಹಣಕ್ಕಷ್ಟೇ ಏಕೆ ಸೀಮಿತವಾಗಬೇಕು? ಸತ್ತವನು ತನ್ನ ಗಳಿಕೆಯ ಎರಡು ಲಕ್ಷವನ್ನು ಆ ಎಂಜಿನ್ನಿನಲ್ಲಿ ಇಟ್ಟಿದ್ದನು. ಅದು ಪತ್ನಿಗೆ ಸಲ್ಲಬೇಕಾದ ಲೆಕ್ಕ. ಆ ಲೆಕ್ಕದ ಚೀಟಿ ದೈವಯೋಗದಿಂದ ನಮ್ಮ ಕೈಗೆ ಬಂದಿತು.

ಆದ್ದರಿಂದ ವ್ಯಾಪಾರದಲ್ಲಿ ಮೌನದ ಪ್ರಶ್ನೆ ಬಂದಾಗ ಶ್ರಾವಕನು ತನ್ನನ್ನು ಹೀಗೆ ಕೇಳಿಕೊಳ್ಳಬೇಕು: ಈ ತಿಳಿವು ನನಗೆ ಎಲ್ಲಿಂದ ಬಂತು? ನನ್ನ ಶ್ರಮದಿಂದ, ನನ್ನ ಅನುಭವದಿಂದ ಬಂದಿದ್ದರೆ ಅದು ನನ್ನದು. ಎದುರಿನವನ ಮರೆವಿನಿಂದ, ಅವನ ಮನೆಯ ಕಾಗದದಿಂದ, ಅವನು ನನ್ನ ಮೇಲಿಟ್ಟ ನಂಬಿಕೆಯಿಂದ ಬಂದಿದ್ದರೆ ಅದು ಅವನದು. ನಾನು ಅದರ ನ್ಯಾಸಧಾರಿ ಮಾತ್ರ. ಎರಡನೆಯ ಬಗೆಯ ತಿಳಿವನ್ನು ಬಚ್ಚಿಟ್ಟು ಬೆಲೆ ಕಟ್ಟುವುದು ಒತ್ತೆಯ ಒಡವೆಯಲ್ಲಿ ಒಂದನ್ನು ಉಳಿಸಿಕೊಂಡಂತೆ. ಇದಲ್ಲದೆ, ತಿಳಿವು ಎಲ್ಲಿಂದ ಬಂದಿದ್ದರೂ ಪ್ರಾಣಾಪಾಯವನ್ನು ಕುರಿತಾದದ್ದಾಗಿದ್ದರೆ ಬಚ್ಚಿಡುವ ಅಧಿಕಾರ ಯಾರಿಗೂ ಇಲ್ಲ. ಚಾಸಿಯ ಬಿರುಕು ಈ ವರ್ಗಕ್ಕೆ ಸೇರಿದ್ದು.

ಈ ಅಳತೆಗೋಲು ವ್ಯಾಪಾರವನ್ನೇ ಅಸಾಧ್ಯವಾಗಿಸುತ್ತದೆಯೆಂದು ಭಯಪಡಬೇಕಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳ್ಳುವ ವರ್ತಕನು ಗುಂಟೂರಿನ ಧಾರಣೆಯನ್ನು ವಿಚಾರಿಸಿಕೊಂಡು ಬಂದಿದ್ದರೆ ಅದನ್ನು ಎದುರಿನ ವರ್ತಕನಿಗೆ ಸಾರಬೇಕಾಗಿಲ್ಲ. ಅದೇ ಶ್ರಮದಿಂದ ಅವನೂ ಅದನ್ನು ತಿಳಿಯಬಲ್ಲನು. ಕಾನೂನಿನ ಕೊನೆಯ ದೃಷ್ಟಾಂತವು ಇಬ್ಬರೂ ವರ್ತಕರೆಂದು ಹೇಳಿಯೇ ಆರಂಭವಾಗುವುದು ಗಮನಾರ್ಹ. ಸಮಾನರ ನಡುವಿನ ಆ ಸ್ವಾತಂತ್ರ್ಯವನ್ನು ವ್ಯವಹಾರ ತಿಳಿಯದ ಗೃಹಿಣಿಯ ಮುಂದೆ ಬಳಸುವುದು ದೃಷ್ಟಾಂತದ ದುರುಪಯೋಗ. ಮಗಳಿಗೆ ಮಾರುವಾಗ ಹೇಳಬೇಕಾದ ಹೊಣೆಯುಂಟೆಂದು ಕಾನೂನೇ ಒಪ್ಪಿದೆ. ಸಂಬಂಧವು ಹೊಣೆಯನ್ನು ಹುಟ್ಟಿಸುವುದಾದರೆ, ಸಕಲ ಜೀವಿಗಳಲ್ಲಿ ಮೈತ್ರಿಯನ್ನು ಭಾವಿಸಬೇಕೆಂದು ದಿನವೂ ಚಿಂತಿಸುವ ಶ್ರಾವಕನಿಗೆ ಆ ಸಂಬಂಧದ ಎಲ್ಲೆ ಸ್ವಂತ ಮಗಳಲ್ಲಿಗೇ ಏಕೆ ನಿಲ್ಲಬೇಕು?

ಮರುದಿನ ಬೆಳಿಗ್ಗೆ ಸ್ನೇಹಿತರು ಬಿಲ್ಲನ್ನು ಆ ತಾಯಿಯ ಅಣ್ಣನ ಕೈಗಿತ್ತು, ಅದರಲ್ಲಿ ಏನಿದೆಯೆಂದು ಮಿಸ್ತ್ರಿಯಿಂದ ಹೇಳಿಸಿದರು. ಅಣ್ಣನು ಬೆಲೆಯನ್ನು ಒಂದು ಲಕ್ಷ ಏರಿಸಿದನು. ಸ್ನೇಹಿತರು ಟೈರುಗಳು ಸವೆದಿರುವುದನ್ನು ತೋರಿಸಿ ಚೌಕಾಸಿ ಮಾಡಿದರು. ಕೊನೆಗೆ ಒಂಬತ್ತು ಲಕ್ಷ ಹತ್ತು ಸಾವಿರಕ್ಕೆ ಮಾತು ಮುಗಿಯಿತು. ಸತ್ಯ ಹೇಳಿದ ಮೇಲೆ ಚೌಕಾಸಿ ಮಾಡುವುದರಲ್ಲಿ ದೋಷವಿಲ್ಲ. ಕಣ್ಣಿಗೆ ಕಾಣುವ ಟೈರಿನ ಮೇಲೆ ಇಬ್ಬರೂ ವಾದಿಸಬಲ್ಲರು. ಅರವತ್ತು ಸಾವಿರ ರೂಪಾಯಿ ಸ್ನೇಹಿತರಿಗೆ ಹೆಚ್ಚು ಬಿದ್ದದ್ದು ನಿಜ. ದಲ್ಲಾಳಿಯು ತನ್ನ ಜಾಣ್ಮೆಗೆ ಕುಂದು ಬಂದಿತೆಂದು ಮುನಿಸಿಕೊಂಡನು. ಆ ಲಾರಿಯಿಂದ ಮುಂದೆ ಅವರಿಗೆ ಇಮ್ಮಡಿ ಲಾಭವಾಯಿತೆಂದು ನಾನು ಬರೆಯಲಾರೆ; ಅಂತಹುದೇನೂ ನಡೆದಿಲ್ಲ. ಉಳಿದ ಲಾರಿಗಳಂತೆ ಅದೂ ದುಡಿಯುತ್ತಿದೆ, ಕೆಡುತ್ತದೆ, ರಿಪೇರಿಯಾಗುತ್ತದೆ. ವ್ರತದ ಫಲವನ್ನು ಖಾತೆಪುಸ್ತಕದ ಜಮಾ ಬದಿಯಲ್ಲಿ ಹುಡುಕುವವನು ವ್ರತವನ್ನು ಬಂಡವಾಳವೆಂದು ತಿಳಿದವನು.

ಲಾರಿ ಕೊಳ್ಳುವುದೇ ಶ್ರಾವಕನಿಗೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಉಪಾಸಕದಶಾಂಗದಲ್ಲಿಯೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ವರ್ಜ್ಯವೆಂದು ಎಣಿಸಿರುವ ಹದಿನೈದು ಜೀವಿಕೆಗಳಲ್ಲಿ ಶಕಟಜೀವಿಕೆ, ಭಾಟಕಜೀವಿಕೆಗಳು ಸೇರಿವೆ. ಬಂಡಿ ಕಟ್ಟಿಸಿ ಹೊಡೆಯುವುದು, ಬಾಡಿಗೆಗೆ ಹೊರೆ ಹೊರಿಸುವುದು ಇವುಗಳ ಅರ್ಥ. ಎತ್ತು ಕೋಣಗಳ ಬೆನ್ನು ಸವೆಯುವ ಹಿಂಸೆ ಅಲ್ಲಿ ಆಚಾರ್ಯರ ಕಣ್ಣ ಮುಂದಿತ್ತು. ಲಾರಿಗೆ ಎತ್ತಿಲ್ಲ, ಆದರೆ ನಿದ್ದೆಗೆಟ್ಟ ಚಾಲಕನಿದ್ದಾನೆ, ರಸ್ತೆಯ ಜನರಿದ್ದಾರೆ. ಅಹಿಂಸಾಣುವ್ರತದ ಅತಿಚಾರವಾದ ಅತಿಭಾರಾರೋಪಣ ಇಲ್ಲಿ ಹೊಸ ರೂಪದಲ್ಲಿ ನಿಂತಿದೆ. ದಲ್ಲಾಳಿಗಳು ಗಾಡಿಯನ್ನು ಹೊಗಳುವಾಗ ‘ಪಾಸಿಂಗ್ ಇಷ್ಟು, ಹೊರುವುದು ಇಷ್ಟು’ ಎಂದು ಎರಡು ತೂಕ ಹೇಳುವುದುಂಟು. 2019ರ ತಿದ್ದುಪಡಿಯ ತರುವಾಯ ಮೋಟಾರು ವಾಹನ ಅಧಿನಿಯಮದಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡಕ್ಕೆ ಅಂಜಿಯಾದರೂ ಸರಿ, ಎರಡನೆಯ ತೂಕವನ್ನು ನಂಬಿ ಲಾಭದ ಲೆಕ್ಕ ಹಾಕುವವನು ಲಾರಿ ಕೊಳ್ಳದಿರುವುದೇ ಲೇಸು.

ಓದುಗರಲ್ಲಿ ಬಹುಮಂದಿ ಕೊಡುಕೊಳ್ಳುವವರೇ. ಹಳೆಯ ಮನೆ, ಹಳೆಯ ಯಂತ್ರ, ಹೊಲ, ಒಡವೆ ಎಲ್ಲದರಲ್ಲಿಯೂ ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದ ಸಂಗತಿ ಇದ್ದೇ ಇರುತ್ತದೆ. ಬೆಲೆಗೆ ‘ಆಗಲಿ’ ಎನ್ನುವ ಮೊದಲು, ನಮ್ಮ ಕಿಸೆಯಲ್ಲಿ ಎದುರಿನವನ ಚೀಟಿಯೇನಾದರೂ ಇದೆಯೇ ಎಂದು ತಡವಿ ನೋಡಿಕೊಳ್ಳೋಣ. ಇದ್ದರೆ ಮೊದಲು ಅದನ್ನು ಅವನಿಗೆ ಒಪ್ಪಿಸಿ, ಆಮೇಲೆ ಚೌಕಾಸಿಗೆ ಕೂರೋಣ.